ನೇಪಾಳಿ ಮಾತಾಡುವ ಬಾಡಿಗೆದಾರರು

ನ್ಯಾಮತಿಯಲ್ಲಿ ನಮ್ಮ ಮನೆಯ ಹಿಂಬದಿಗಿರುವ ಇನ್ನೊಂದು ಮನೆಯನ್ನು ಬಾಡಿಗೆಗೆ ಕೇಳಿಕೊಂಡು ಡಾರ್ಜಿಲಿಂಗ್‌ನ ದಂಪತಿ ಬಂದರು. ಬಸ್ ಸ್ಟ್ಯಾಂಡ್ ಹತ್ತಿರ ನೂಡಲ್ಸ್ ಗಾಡಿ ಇಟ್ಟವರು. ಅವರು ತಮ್ಮತಮ್ಮಲ್ಲೇ ನೇಪಾಳಿ ಮಾತಾಡಿದ್ದು ಕೇಳಿ ಪಕ್ಕದ ಮನೆಯ ಯಜಮಾನರು ನನ್ನನ್ನು ಕರೆದು, "ಅಕ್ಕಾರೆ, ಹೊರದೇಶದೋರಿಗೆ ಮನೆ ಕೊಡಬ್ಯಾಡ್ರಿ" ಎಂದರು.

ಆ ಯಜಮಾನರ ಮಗಳು ಕಿರ್ಗಿಸ್ತಾನದಲ್ಲಿ ಡಾಕ್ಟರ್ ಓದುತ್ತಿದ್ದಾಳೆ. "ನಿಮ್ಮ ಮಗಳು ಅಲ್ಲಿ ಅಂಗಡಿಗೆ ಹೋದ್ರೆ ಯಾವ ಭಾಷೆ ಆಡ್ತಾಳ್ರಿ?" ಎಂದೆ.

"ರಷ್ಯನ್."

"ಆಕಿ ಇರೋ ದೇಶ ಏನು ರಷ್ಯಾನಾ? ಹಂಗೇ ನೇಪಾಳಿನೂ. ನೇಪಾಳದಾಗೂ ಐತೆ, ನಮ್ಮ ಡಾರ್ಜಿಲಿಂಗ್, ಸಿಕ್ಕಿಂನಾಗೂ ಐತೆ. ಇವರು ನಮ್ಮ ದೇಶದೋರೇ. ನೇಪಾಳದೋರಾಗಿದ್ರೂ ಕೊಡ್ತಿದ್ದೆ ಬಿಡ್ರಿ."

ಯಜಮಾನರು ನಕ್ಕುಬಿಟ್ಟರು. ನಾನು ಆಗಲೇ ದಂಪತಿಗೆ ಬೀಗದ ಕೈ ಕೊಟ್ಟೆ. ಸಂಜೆ ದಂಪತಿಯ ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಾಗ, ಓಡಿಬಂದು ಒಂದು ತುದಿ ಹಿಡಿದವರು ಆ ಯಜಮಾನರೇ.