ಬಣ್ಣ ಬಳಿಯದ ಎರಡು ಸಂಕ್ರಾಂತಿ

ಎರಡು ಸಾವಿರದ ಇಸವಿ ಕಳೆದ ಹೊಸತು. ಹೊಸೂರಿನ ನಮ್ಮ ಕನ್ನಡ ಸಂಘದಲ್ಲಿ ತಿಂಗಳಿಗೊಂದು ಭಾನುವಾರ ಉಪನ್ಯಾಸ ಇರುತ್ತಿತ್ತು. ಇತಿಹಾಸ ಬರೆಯುವವರನ್ನು ಬೆಂಗಳೂರಿನಿಂದ ಕರೆಸುವುದು, ಕುರ್ಚಿ ಹಾಕುವುದು, ಆಮೇಲೆ ಅದೇ ಕುರ್ಚಿ ಮಡಚುವುದು, ಎಲ್ಲ ನನ್ನದೇ. ವಾರವಿಡೀ ಫ್ಯಾಕ್ಟರಿಯಲ್ಲಿ ಷಿಫ್ಟು ಮಾಡಿದವನಿಗೆ ರಾಜವಂಶಗಳ ಹೆಸರು ಜೋಗುಳದಂತೆ ಕೇಳುತ್ತಿತ್ತು. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂದು ಹೆಂಡತಿ ಅನ್ನುತ್ತಿದ್ದಳು. ತಪ್ಪೇನಿರಲಿಲ್ಲ.

ಒಮ್ಮೆ ಬಂದ ಲೇಖಕರು ಈ ಸೀಮೆಯ ವೀರಗಲ್ಲುಗಳ ಬಗ್ಗೆ ಮಾತಾಡಿದರು. ದನ ಉಳಿಸಲು ಹೋರಾಡಿ ಸತ್ತವರು, ಅವರ ಹೆಸರು ಕೆತ್ತಿದ ಕಲ್ಲುಗಳು. ಮುಗಿದ ಮೇಲೆ ಹತ್ತಿರದ ಕಾಡಂಚಿನ ಊರು ಸಾನಮಾವಿನ ಕಡೆಯ ಮುದುಕರೊಬ್ಬರು ಒಂದು ಫೋಟೋ ತಂದು ಮೇಜಿನ ಮೇಲಿಟ್ಟರು. ಅವರ ಹೊಲದ ಕಲ್ಲು. ಕತ್ತಿ ಹಿಡಿದ ಆಳಿಗೆ ಹಳದಿ ಮೈ, ಕೆಂಪು ಪಂಚೆ, ಕಪ್ಪು ಮೀಸೆ, ಎಲ್ಲವೂ ಬಾಗಿಲಿಗೆ ಹೊಡೆಯುವ ಪೇಂಟು.

"ನಮ್ಮ ತಾತ ಸಾಮಿ. ವರ್ಸಾ ವರ್ಸಾ ಸಂಕ್ರಾಂತಿಗೆ ಹೊಸ ಬಣ್ಣ ಬಳೀತೀವಿ. ಹೆಸ್ರೇನೂಂತ ಓದಿ ಹೇಳಿ. ಸಾಯೋ ಮುಂಚೆ ಒಂದ್ಸಲ ಹೆಸ್ರಿಡಿದು ಕರೀಬೇಕು."

ಅಕ್ಷರಗಳೆಲ್ಲ ಆ ಬಣ್ಣದಡಿ ಮುಚ್ಚಿಹೋಗಿದ್ದವು. "ಕೆರೆದ್ರೆ ಅಕ್ಷರಾನೂ ಹೋಗುತ್ತೆ. ಇನ್ಮೇಲೆ ಬಳೀಬೇಡಿ. ಇವರ ಜೊತೆ ನಾನೇ ಬಂದು ಜೋಪಾನವಾಗಿ ತೆಗೆದು ಓದ್ತೀನಿ," ಎಂದು ಲೇಖಕರು ನನ್ನತ್ತ ಕೈ ತೋರಿಸಿದರು. ನಾನು ಕೋಲೆ ಬಸವನ ಹಾಗೆ ತಲೆಯಾಡಿಸಿದೆ.

ಆಮೇಲೆ ಲೇಖಕರಿಗೆ ಪುರುಸೊತ್ತಾಗಲಿಲ್ಲ. ನಾಲ್ಕು ಸಲ ಫೋನ್ ಮಾಡಿದೆ, ಐದನೆಯ ಸಲ ಮಾಡಲಿಲ್ಲ. ಬೇರೆಯವರನ್ನು ಹುಡುಕಬಹುದಿತ್ತು. ನಾನೊಬ್ಬನೇ ಹೋಗಿ ನೋಡಬಹುದಿತ್ತು, ಸಾನಮಾವು ಏನು ಕಾಶಿಯೇ? ಆ ಕಡೆ ಆನೆ ಇಳಿದಿವೆ ಎಂಬ ಸುದ್ದಿ ಬಂದಾಗಲೆಲ್ಲ ಹೋಗದಿರಲು ನೆಪ ಸಿಕ್ಕಿತೆಂದು ಒಳಗೊಳಗೇ ನೆಮ್ಮದಿಯಾಗುತ್ತಿತ್ತು.

ಮುದುಕರು ಮಾತ್ರ ಪ್ರತಿ ಉಪನ್ಯಾಸಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂತರು. ಯಾವ ಸಾಮ್ರಾಜ್ಯವೂ ಅವರಿಗೆ ಬೇಕಿರಲಿಲ್ಲ. ಮುಗಿದ ಮೇಲೆ ಸುಮ್ಮನೆ ನನ್ನನ್ನು ನೋಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡನೆಯ ಸಂಕ್ರಾಂತಿಯೂ ಕಳೆದ ಮೇಲೆ ಹತ್ತಿರ ಬಂದರು. "ತಾತಂಗೆ ಎರಡ್ ವರ್ಸದಿಂದ ಬಣ್ಣ ಇಲ್ಲ ಕಣಪ್ಪ. ಬಿಸಿಲಿಗೆ ಮುಖ ಎಲ್ಲಾ ಸಿಪ್ಪೆ ಎದ್ದೈತೆ. ಮನೇಲಿ ಹೆಂಗಸ್ರು ಬೈತಾವ್ರೆ. ನೀವು ಹೂಂ ಅಂದ್ರೆ ಬಳ್ದುಬುಡ್ತೀನಿ."

ತಮ್ಮ ಹೊಲದ ಕಲ್ಲಿಗೆ ಬಣ್ಣ ಬಳಿಯಲು ಅವರು ನನ್ನ ಅಪ್ಪಣೆ ಕೇಳುತ್ತಿದ್ದರು. ಬಳಿಯಿರಿ ಎಂದಿದ್ದರೆ ಇಬ್ಬರಿಗೂ ಬಿಡುಗಡೆಯಾಗುತ್ತಿತ್ತು. ಆದರೆ ಹಾಗೆಂದರೆ ನಾವು ಬರುವುದಿಲ್ಲ ಎಂದು ಒಪ್ಪಿಕೊಂಡಂತೆ, ಅದಕ್ಕೂ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

"ಬಳೀಬೇಡಿ ಯಜಮಾನ್ರೇ. ಬರೋ ವಾರ ಖಂಡಿತ ಬರ್ತೀನಿ," ಎಂದೆ.

ಅವರು ನಂಬಿ ಬಸ್ಸಿಗೆ ಹೋದರು.