ಪಾಯಖಾನೆಗೊಂದು ಛತ್ರಿ

ಈ ಬೇಸಿಗೆಯಲ್ಲಿ ನಮ್ಮ ಸೀತತ್ತೆ ಪಾಯಖಾನೆಗೆ ಛತ್ರಿ ಹಿಡಿದುಕೊಂಡು ಹೋಗುತ್ತಿದ್ದರು.

ತಮಾಷೆಗೆ ಹೇಳುತ್ತಿಲ್ಲ. ಸೀತತ್ತೆ ನನ್ನ ಅಪ್ಪನ ತಂಗಿ, ಕಾಶಿವಾಸಕ್ಕೆಂದು ಬಂದು ನಮ್ಮ ಜೊತೆಗಿದ್ದಾರೆ. ಹನುಮಾನ್ ಘಾಟಿನ ನಮ್ಮ ಬಾಡಿಗೆ ಮನೆಯಲ್ಲಿ ಪಾಯಖಾನೆ ಇರುವುದು ಮಾಳಿಗೆಯ ಆ ತುದಿಯಲ್ಲಿ. ಅತ್ತೆ ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಬಿಚ್ಚಿದ ಕರಿ ಛತ್ರಿ ಹಿಡಿದು ಮಾಳಿಗೆ ದಾಟುವುದನ್ನು ದಿನಾ ನೋಡುತ್ತಿದ್ದೆ. ಕೋತಿಗಳ ಕಾಟಕ್ಕೆ ಇರಬೇಕು ಅಂದುಕೊಂಡಿದ್ದೆ. (ಕಾಶಿಯ ಕೋತಿಗಳಿಗೆ ಮುದುಕಿಯರೆಂದರೆ ಬಲು ಸಲಿಗೆ.)

ಒಂದು ಬೆಳಗ್ಗೆ ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಕೋತಿಗಳೂ ಎದ್ದಿರಲಿಲ್ಲ. ಅತ್ತೆ ಛತ್ರಿ ಬಿಚ್ಚಿ ಹೊರಟರು. ಇನ್ನು ತಡೆಯಲಾರದೆ ಕೇಳಿಬಿಟ್ಟೆ.

"ಡಾಕ್ಟರು ಹೇಳಿದಾರೆ ಕಣೇ. ಹೊರಗಡೆಗೆ ಹೋಗ್ಬೇಕಾದ್ರೆ ಛತ್ರಿ ಹಿಡ್ಕೊಂಡೇ ಹೋಗ್ಬೇಕಂತೆ. ಇಲ್ದಿದ್ರೆ ರಕ್ತ ಇನ್ನೂ ಜಾಸ್ತಿ ಆಗುತ್ತಂತೆ."

ರಕ್ತ? ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆ ಕೆಳಗಿಟ್ಟೆ. ಯಾವ ರಕ್ತ? ಎಲ್ಲಿಯ ರಕ್ತ?

ಅತ್ತೆಗೆ ಹೇಳಲು ಎಷ್ಟು ಸಂಕೋಚವೆಂದರೆ ಛತ್ರಿ ಮುಚ್ಚಿ, ಮತ್ತೆ ಬಿಚ್ಚಿ, ಗೋಡೆ ನೋಡಿಕೊಂಡು ಮಾತಾಡಿದರು. ಶಿವರಾತ್ರಿ ಕಳೆದಾಗಿನಿಂದ "ಹೊರಗಡೆಗೆ ಹೋದಾಗ" ರಕ್ತ ಬೀಳುತ್ತಿದೆಯಂತೆ. ಮೂಲವ್ಯಾಧಿ ಇರಬೇಕೆಂದು ಸುಮ್ಮನಿದ್ದರಂತೆ. ಸುಸ್ತು ಹೆಚ್ಚಾದಾಗ ನಾನಿಲ್ಲದ ಹೊತ್ತು ನೋಡಿ, ನನ್ನ ಮಗಳನ್ನು ಕರೆದುಕೊಂಡು ಗಲ್ಲಿಯ ಕೊನೆಯ ಬಂಗಾಳಿ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾರೆ. ಅತ್ತೆಗೆ ಹಿಂದಿ ಬಾರದು. ಮಗಳಿಗೆ ಕನ್ನಡ ಬರುತ್ತದೆ, ಆದರೆ ಅವಳು ಇಲ್ಲೇ ಹುಟ್ಟಿ ಇಲ್ಲೇ ಬಿ.ಎ. ಓದುತ್ತಿರುವವಳು. ಅವಳ ಕನ್ನಡ ಊಟ ತಿಂಡಿಯವರೆಗೆ ಮಾತ್ರ.

ಅತ್ತೆ ಹೇಳಿದ್ದಾರೆ: "ಹೊರಗಡೆಗೆ ಹೋದಾಗ ರಕ್ತ ಬರುತ್ತೆ."

ಮಗಳು ಅಕ್ಷರ ತಪ್ಪದೆ ಹಿಂದಿ ಮಾಡಿದ್ದಾಳೆ: "ಬಾಹರ್ ಜಾತೀ ಹೈಂ ತೋ ಖೂನ್ ಆತಾ ಹೈ."

ಡಾಕ್ಟರಿಗೆ ಅನುಮಾನವೇ ಬಂದಿಲ್ಲ. ಬಾಹರ್ ಎಂದರೆ ಅವರಿಗೆ ಬೀದಿ, ಬಿಸಿಲು. ಬೇಸಿಗೆಯ ಬಿಸಿಗಾಳಿಗೆ ಇಲ್ಲಿ ಅರ್ಧ ಊರಿಗೆ ಮೂಗಿನಲ್ಲಿ ರಕ್ತ ಒಸರುತ್ತದೆ. ಟಾರ್ಚು ಹಾಕಿ ಮೂಗು ನೋಡಿದ್ದಾರೆ. ಬಿಲ್ವದ ಹಣ್ಣಿನ ಶರಬತ್ತು ಕುಡಿಯಿರಿ, ಹೊರಗೆ ಹೋದರೆ ಛತ್ರಿ ಹಿಡಿಯಿರಿ ಎಂದಿದ್ದಾರೆ. ಅತ್ತೆ ಎರಡನ್ನೂ ಶ್ರದ್ಧೆಯಿಂದ ಪಾಲಿಸಿದ್ದಾರೆ.

"ಮೂಗು ಯಾಕೆ ನೋಡಿದರು ಅಂತ ಕೇಳಬಾರದಿತ್ತೇ ಅತ್ತೆ?"

"ಸಭ್ಯಸ್ಥರು ಕಣೇ ಅವರು. ಬೇರೇನೂ ನೋಡ್ಲಿಲ್ಲ, ಕೇಳ್ಲಿಲ್ಲ. ಅಷ್ಟೇ ಪುಣ್ಯ ಅಂದ್ಕೊಂಡೆ."

ಅಯ್ಯೋ ರಾಮ! ನಗಲೋ ಅಳಲೋ? ನಕ್ಕೆ. ಆಮೇಲೆ ಹೊಟ್ಟೆ ಉರಿದುಹೋಯಿತು.

ನೀವೇ ಹೇಳಿ, ಇದು ಯಾರ ತಪ್ಪು? ಡಾಕ್ಟರದೇ? ಮಗಳದೇ? ನಾನು ಹೇಳುತ್ತೇನೆ ಕೇಳಿ. ಹಾಳು "ಹೊರಗಡೆ"ಯದು! ನಮ್ಮ ಜನಕ್ಕೆ ಮುಟ್ಟಾದರೂ ಹೊರಗೆ, ಹೊಟ್ಟೆ ಕೆಟ್ಟರೂ ಹೊರಗಡೆ. ದೇಹದ ಅರ್ಧ ಭಾಗವನ್ನು ಮನೆಯಿಂದ ಆಚೆ ಹಾಕಿ ಬಾಗಿಲು ಹಾಕಿಕೊಂಡವರು ನಾವು. ಇಲ್ಲಿ ನಮ್ಮವರು ಬೆಳಗಿನ ಕಾಫಿ ಕುಡಿಯುತ್ತಾ ಮಣಿಕರ್ಣಿಕೆಯಲ್ಲಿ ಹೆಣ ಸುಡುವ ಸೌದೆ ಹಸಿಯೋ ಒಣಗಿದ್ದೋ ಎಂದು ಚರ್ಚೆ ಮಾಡುತ್ತಾರೆ. ಯಾರೂ ಮುಖ ಸಿಂಡರಿಸುವುದಿಲ್ಲ. ಅದೇ ಕಾಫಿಯ ಹೊತ್ತಿಗೆ "ಎರಡು ದಿನದಿಂದ ಹೊಟ್ಟೆ ಸರಿಯಿಲ್ಲ" ಅನ್ನಿ ನೋಡೋಣ. ಲೋಟ ಇಟ್ಟು ಎದ್ದು ಹೋಗುತ್ತಾರೆ.

ಬನಾರಸಿನವರನ್ನು ನೋಡಿ ಕಲಿಯಬೇಕು. ನಮ್ಮ ಹಾಲಿನವನು ಗಲ್ಲಿಯಲ್ಲಿ ಎದುರಾದ ಗೆಳೆಯನಿಗೆ ನಮಸ್ಕಾರ ಹೇಳುವುದಿಲ್ಲ. "ಕಾ ಗುರು, ನಿಪಟ್ ಲಿಯೇ?" ಎನ್ನುತ್ತಾನೆ. ಹೊಟ್ಟೆ ಖಾಲಿಯಾಯಿತೇ ಎಂದು ಅರ್ಥ! ಅವನೂ ಸಂತೋಷವಾಗಿ, ವಿವರವಾಗಿ ಉತ್ತರ ಕೊಡುತ್ತಾನೆ. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ಕೇಳಿ ಕಿವಿ ಮುಚ್ಚಿಕೊಂಡಿದ್ದೆ. ಈಗ ಅವನ ಕಾಲಿಗೆ ಬೀಳಬೇಕು ಅನ್ನಿಸುತ್ತದೆ.

ಅವತ್ತೇ ಅತ್ತೆಯನ್ನು ರಿಕ್ಷಾ ಹತ್ತಿಸಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲೊಬ್ಬರು ಲೇಡಿ ಡಾಕ್ಟರು. ಈ ಸಲ ಮಾತಾಡಿದವಳು ನಾನು. ಬಾಯಿ ತೆರೆದವಳೇ ಒಂದು ಕ್ಷಣ ತಡವರಿಸಿದೆ. ಹಿಂದಿಯಲ್ಲಿ ಏನನ್ನಬೇಕು? ಆಮೇಲೆ ಹೊಳೆಯಿತು. ಕನ್ನಡದಲ್ಲಿರುವುದೇ! ಮಲ. ರಕ್ತ. ಹಿಂದಿಯವರಿಗೂ ಅದೇ, ಬಂಗಾಳಿಯವರಿಗೂ ಹೆಚ್ಚು ಕಡಿಮೆ ಅದೇ. ಅತ್ತೆ ಆ ಎರಡು ಮಾತು ಆಡಿದ್ದಿದ್ದರೆ ಭಾಷಾಂತರವೇ ಬೇಕಿರಲಿಲ್ಲ.

"ಮಲದಲ್ಲಿ ರಕ್ತ," ಎಂದೆ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಪರೀಕ್ಷೆ ಮಾಡುವ ಮೇಜು ಹತ್ತಿಸುವುದಕ್ಕೆ ಪಟ್ಟ ಪಾಡು ನನಗೇ ಗೊತ್ತು. ಡಾಕ್ಟರು ಒಳಗೆ ಗಡ್ಡೆ ಇದೆ ಎಂದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಮತ್ತೆ ಹೋದಾಗ ಫಲಿತಾಂಶ ಬಂದಿತ್ತು. ಕ್ಯಾನ್ಸರ್. ಇನ್ನೂ ಬೇರೆಲ್ಲೂ ಹಬ್ಬಿದ ಹಾಗೆ ಕಾಣುವುದಿಲ್ಲ, ಆದರೆ ತಡ ಮಾಡಬಾರದು, ಆಪರೇಷನ್ ಆಗಲೇಬೇಕು ಎಂದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಬಂದಿತ್ತು. ಕೆಳಗಿನ ಮನೆಯ ಶಾಸ್ತ್ರಿಗಳು ಜಗಲಿಯಲ್ಲೇ ಕಾದಿದ್ದರು. ಇಲ್ಲಿ ನಮ್ಮ ಕಡೆಯವರಿಗೆ ಅಪರಕರ್ಮ ಮಾಡಿಸುವವರು ಅವರೇ.

"ಕಾಶಿವಾಸಕ್ಕೆ ಬಂದವರಿಗೆ ಆಪರೇಷನ್ ಯಾಕಮ್ಮಾ? ಇಲ್ಲಿ ಸತ್ತರೆ ಮೋಕ್ಷ. ಅದಕ್ಕೇ ತಾನೆ ಇವರು ಬಂದಿರೋದು?"

"ಹೋದ ವರ್ಷ ನೀವು ಕಣ್ಣಿನ ಪೊರೆ ತೆಗೆಸಿಕೊಂಡಿರಲ್ಲ ಶಾಸ್ತ್ರಿಗಳೇ," ಎಂದೆ, "ಮೋಕ್ಷಕ್ಕೆ ಕಣ್ಣು ಬೇಕಿತ್ತೇ?"

ಶಾಸ್ತ್ರಿಗಳು ಕೆಂಪಾದರು. ಇನ್ನೇನು ಜಗಳ ಜೋರಾಗಬೇಕು, ಅಷ್ಟರಲ್ಲಿ ಅಲ್ಲಿಯವರೆಗೆ ಗಂಡಸರೆದುರು ದನಿ ಎತ್ತದ ಅತ್ತೆ ಮೆಟ್ಟಿಲ ಮೇಲೆ ನಿಂತು ಹೇಳಿದರು:

"ಸಾಯೋದಕ್ಕೇ ಬಂದಿದೀನಿ ಶಾಸ್ತ್ರಿಗಳೇ, ಸುಳ್ಳಲ್ಲ. ಆದ್ರೆ ನಾಚ್ಕೊಂಡು ಸಾಯೋದಕ್ಕೆ ಬಂದಿಲ್ಲ. ವಿಶ್ವನಾಥ ಕರೀಲಿ, ಹೋಗ್ತೀನಿ. ಈ ಗಡ್ಡೆ ಯಾರು ನನ್ನ ಕರ್ಯೋದಕ್ಕೆ?"

ಮೇಲೆ ಹೋಗಿ ಇಬ್ಬರೂ ಅತ್ತೆವು, ಅದನ್ನೂ ಹೇಳಿಬಿಡುತ್ತೇನೆ.

ಆಪರೇಷನ್ ಆಯಿತು. ಕರುಳಿನ ಒಂದು ತುಂಡು ತೆಗೆದು ಹೊಲಿದಿದ್ದಾರೆ. ಅತ್ತೆ ಮನೆಗೆ ಬಂದಿದ್ದಾರೆ, ಮಜ್ಜಿಗೆ ಅನ್ನ ತಿನ್ನುತ್ತಿದ್ದಾರೆ, ನನ್ನ ಸಾರಿಗೆ ಹೆಸರಿಡುತ್ತಿದ್ದಾರೆ. ಮುಂದೆ ಹೇಗೋ, ಆಗಾಗ ತೋರಿಸುತ್ತಿರಬೇಕು.

ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ಕೇಳಿದ್ದರು, ಮನೆತನದಲ್ಲಿ ಇನ್ನಾರಿಗಾದರೂ ಇತ್ತೇ ಎಂದು. ನಮ್ಮಪ್ಪ, ಅಂದರೆ ಅತ್ತೆಯ ಅಣ್ಣ, ತಿಪಟೂರಿನಲ್ಲಿ "ಮೂಲವ್ಯಾಧಿ, ಮೂಲವ್ಯಾಧಿ" ಎಂದು ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡು, ಒಣಗಿ ಕಡ್ಡಿಯಾಗಿ ತೀರಿಹೋದರು. ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, "ಹಾಗಾದರೆ ನೀವೂ ಪರೀಕ್ಷೆ ಮಾಡಿಸಿಕೊಳ್ಳಿ," ಎಂದರು. ನನಗೇನೂ ಆಗಿಲ್ಲವಲ್ಲ ಎಂದೆ. ಏನೂ ಆಗದಿರುವಾಗಲೇ ಮಾಡಿಸಬೇಕಂತೆ. ಕಣ್ಣಿಗೆ ಕಾಣದ ರಕ್ತವೂ ಇರುತ್ತದಂತೆ, ಅದನ್ನು ಹುಡುಕುವ ಪರೀಕ್ಷೆ ಇದೆಯಂತೆ. ನೋವಿಲ್ಲ, ಸೂಜಿ ಇಲ್ಲ. ಕೆಲವು ದಿನ ಮೂಲಂಗಿ, ಬೀಟ್ರೂಟ್, ಕಬ್ಬಿಣದ ಟಾನಿಕ್ಕು ಬಿಟ್ಟು, ಬೆಂಕಿಪೊಟ್ಟಣದಲ್ಲಿ ಒಂದಿಷ್ಟು ಮಲ ತಂದುಕೊಟ್ಟರಾಯಿತು.

ತೆಗೆದುಕೊಂಡು ಹೋದೆ. ಮಡಿ ಮನೆಯಿಂದ ಬೆಂಕಿಪೊಟ್ಟಣ ಹಿಡಿದು ಹೊರಟವಳನ್ನು ಶಾಸ್ತ್ರಿಗಳು ಕೇಳಿಯೇ ಕೇಳಿದರು, ಅದೇನಮ್ಮಾ ಎಂದು. ಹೇಳಿಯೇ ಹೇಳಿದೆ. ಪಾಪ, ಅವರು ಇನ್ನೊಂದು ಸ್ನಾನಕ್ಕೆ ಗಂಗೆಗಿಳಿದರು. (ನನ್ನದರಲ್ಲಿ ರಕ್ತವಿಲ್ಲ ಎಂದು ಬಂದಿದೆ. ಹಾಗೆಂದು ಸುಮ್ಮನಿರಬೇಡಿ, ಆಗಾಗ ಮಾಡಿಸಿ ಎಂದಿದ್ದಾರೆ.)

ಆಮೇಲೆ ತಿಪಟೂರಿನ ನನ್ನ ತಮ್ಮನಿಗೆ ಟ್ರಂಕ್ ಕಾಲ್ ಮಾಡಿದೆ. ಟ್ರಂಕ್ ಕಾಲ್ ಅಂದರೆ ಗೊತ್ತಲ್ಲ, ಕಿರುಚದೆ ಕೇಳಿಸುವುದಿಲ್ಲ.

"ಮಲ ಪರೀಕ್ಷೆ ಮಾಡಿಸ್ಕೋ!" ಎಂದು ಪೋಸ್ಟಾಫೀಸು ನಡುಗುವಂತೆ ಕಿರುಚಿದೆ.

"ಏನು? ಮನೆ ಪರೀಕ್ಷೆಯೇ?"

"ಮನೆ ಅಲ್ಲ ಕಣೋ, ಮಲ! ಮಲದಲ್ಲಿ ರಕ್ತ! ಅಪ್ಪನಿಗೆ ಇದ್ದದ್ದು ಅದೇ!"

"ಮೆಲ್ಲಗೆ ಮಾತಾಡೇ ಅಕ್ಕಾ, ಇಲ್ಲಿ ಪಕ್ಕದಲ್ಲಿ ಜನ ಇದಾರೆ."

ಇರಲಿ! ಕೇಳಲಿ! ಅವರಿಗೂ ಕರುಳಿಲ್ಲವೇ? ಅಪ್ಪ ಮೆಲ್ಲಗೇ ಮಾತಾಡಿದರು. ಎಷ್ಟು ಮೆಲ್ಲಗೆಂದರೆ ಸಾಯುವ ತನಕ ನಮಗ್ಯಾರಿಗೂ ಕೇಳಿಸಲೇ ಇಲ್ಲ. ತಮ್ಮ ಮುಂದಿನ ವಾರ ತುಮಕೂರಿಗೆ ಹೋಗಿ ತೋರಿಸುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಫೋನು ಇಟ್ಟೆ.

ನನ್ನ ಸಂಪಾದಕರಿಗೆ ಈ ಬರಹ ಹಿಡಿಸಲಾರದು. ಗಂಗಾರತಿ, ಹಬ್ಬ, ಅಡುಗೆ ಬಗ್ಗೆ ಬರೆಯಿರಿ ತಾಯಿ ಎಂದು ಹೇಳಿದ್ದವರು ಅವರು. "ಮಲ" ಎಂದಿರುವಲ್ಲೆಲ್ಲ ಚುಕ್ಕೆ ಹಾಕಿದರೆ ಅಂಕಣವನ್ನೇ ನಿಲ್ಲಿಸುತ್ತೇನೆ ಎಂದು ಮೊದಲೇ ತಿಳಿಸಿದ್ದೇನೆ. ನೀವು ಇದನ್ನು ತಿಂಡಿ ತಿನ್ನುವಾಗ ಓದುತ್ತಿದ್ದರೆ ಕ್ಷಮೆ ಕೇಳುವುದಿಲ್ಲ.

ಆಪರೇಷನ್ ಆದ ಮೇಲೆ ನಿನ್ನೆ ಸಂಜೆ ಅತ್ತೆಯನ್ನು ಮೊದಲ ಸಲ ಘಾಟಿಗೆ ಕರೆದೊಯ್ದೆ. ಶಿವಾಲ ಘಾಟಿನ ಕಡೆ ಬಿಡಾರ ಮಾಡಿರುವ, ಹಾಸನದ ಕಡೆಯಿಂದ ಹೊಸದಾಗಿ ಬಂದ ಅಜ್ಜಿಯೊಬ್ಬರು ಕೂತಿದ್ದರು. ಅತ್ತೆ ಪಕ್ಕದಲ್ಲಿ ಕೂತರು. ಯಾವ ಊರು, ಮಕ್ಕಳೆಷ್ಟು ಎಂದು ಕೇಳುತ್ತಾರೆಂದು ನಾನು ಅಂದುಕೊಂಡರೆ, ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೇಳಿದರು: "ಏನಮ್ಮಾ, ಮಲದಲ್ಲಿ ರಕ್ತ ಗಿಕ್ತ ಹೋಗುತ್ತಾ?"

ಆ ಅಜ್ಜಿ ಮೊದಲು ಬೆಚ್ಚಿದರು. ಆಮೇಲೆ ತಲೆ ತಗ್ಗಿಸಿದರು. ಆಮೇಲೆ ಹೌದು ಎಂದು ತಲೆ ಆಡಿಸಿದರು.

ನಾಳೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ. ಅವರನ್ನು ಕೇಳಲು ನಮ್ಮ ಸೀತತ್ತೆ ಇದ್ದರು. ನಿಮ್ಮ ಮನೆಯಲ್ಲಿ ಕೇಳುವವರು ಯಾರು?