ಮರ್ಯಾದೆಗೆ ತೆಗೆದ ಮಾಸ್ಕು

ಶಿವಮೊಗ್ಗದ ಲ್ಯಾಬಿನಲ್ಲಿ ನನ್ನ ಕೆಲಸ ಉಸಿರು ಕಟ್ಟಿಸುವುದು. ಹೃದಯಕ್ಕೆ ಪೆಟ್ಟಾದಾಗ ರಿಪೇರಿಗೆ ಓಡಬೇಕಾದ ಜೀವಕೋಶಗಳನ್ನು ಪೆಟ್ಟಿಗೆಯೊಂದರಲ್ಲಿಟ್ಟು, ಆಕ್ಸಿಜನ್ ಇಳಿಸಿ, ಅವು ಹೇಗೆ ಒದ್ದಾಡುತ್ತವೆ ಎಂದು ನೋಡುತ್ತೇನೆ. ಇದಕ್ಕೆ ಸಂಬಳ ಬೇರೆ ಕೊಡುತ್ತಾರೆ. ಕೋಶದೊಳಗೆ ಕ್ಯಾಲ್ಸಿಯಂ ಏರಿ ಇಳಿಯುವುದೇ ಅವಕ್ಕೆ ಅಪ್ಪಣೆ: ಹೊರಡು, ಬೆಳೆ, ಕೈ ಹಚ್ಚು. ಬಣ್ಣ ಹಾಕಿದರೆ ಆ ಏರಿಳಿತ ಹಸಿರಾಗಿ ಮಿನುಗುತ್ತದೆ. ಆಕ್ಸಿಜನ್ ಕಮ್ಮಿಯಾದರೆ ಮಿನುಗು ತಾಳ ತಪ್ಪುತ್ತದೆ. ಕೆಲವು ಸುಮ್ಮಸುಮ್ಮನೆ ಬೆಳಗುತ್ತವೆ, ಕೆಲವು ಮಂಕಾಗಿ ಕೂರುತ್ತವೆ. ಕುತೂಹಲಕ್ಕೆ ಯಾರಾದರೂ ಪೆಟ್ಟಿಗೆ ತೆರೆದರೆ ಗಾಳಿ ನುಗ್ಗಿ ಇಡೀ ದಿನದ ಕೆಲಸ ಹಾಳು. 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದ್ದೇನೆ. ವಿದ್ಯಾವಂತರು, ಓದಿಯೇ ಮುಟ್ಟುತ್ತಾರೆ.

ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆದದ್ದು ನಾನು ಈ ಕೆಲಸದಲ್ಲಿರುವಾಗಲೇ. ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ರಿಟೈರ್ ಆದವರು. ಹೃದಯ ಸೋತಿದೆ, ಊಟದ ಹೊತ್ತು ಬಿಟ್ಟರೆ ಆಕ್ಸಿಜನ್ ಮಾಸ್ಕು ತೆಗೆಯಲೇಬೇಡಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಅವರಿಗೇನು ಗೊತ್ತು ನಮ್ಮ ಮನೆಯ ಮರ್ಯಾದೆ! ನೋಡಲು ಬಂದವರ ಹತ್ತಿರ ಮುಖ ಮುಚ್ಚಿಕೊಂಡು ಮಾತಾಡುವುದುಂಟೇ? ಗೇಟು ಸದ್ದಾದರೆ ಸಾಕು, ಅಪ್ಪ ಮಾಸ್ಕು ಕಳಚಿ, ತಲೆ ಬಾಚಿ, ದಿಂಬಿಗೊರಗಿ ಕೂರುತ್ತಿದ್ದರು. ಬಂದವರು ಕಾಫಿ ಕುಡಿದು, ಇದೇ ಕಾಯಿಲೆಯಲ್ಲಿ ತೀರಿಕೊಂಡವರ ಕತೆಗಳನ್ನೆಲ್ಲ ಹೇಳಿ, "ಧೈರ್ಯವಾಗಿರಿ" ಎಂದು ಎದ್ದು ಹೋಗುತ್ತಿದ್ದರು. ಅಷ್ಟರಲ್ಲಿ ಅಪ್ಪನ ತುಟಿ ನೀಲಿಯಾಗಿರುತ್ತಿತ್ತು.

ನಾನು ಶಿವಮೊಗ್ಗದ ವಿದ್ಯಾನಗರದಿಂದ ಭದ್ರಾವತಿಯ ಮನೆಗೆ ಭಾನುವಾರಕ್ಕೊಮ್ಮೆ ಹೋಗುವವಳು. ಒಂದು ಭಾನುವಾರ ಅಪ್ಪನ ಹಳೇ ಫೋರ್‌ಮನ್ ಬಂದು ಎರಡನೇ ಲೋಟ ಕಾಫಿ ಕುಡಿಯುತ್ತಾ ಕೂತಿದ್ದರು. ನನಗೆ ಭಯ, ಸಿಟ್ಟು ಎರಡೂ ಒಟ್ಟಿಗೇ ನೆತ್ತಿಗೇರಿದವು. "ಸರ್, ಇನ್ನು ಹೊರಡಿ. ಅಪ್ಪ ಉಸಿರಾಡ್ಬೇಕು" ಎಂದುಬಿಟ್ಟೆ.

ಅವರು ಹೋದ ಮೇಲೆ ಅಪ್ಪ ಮಾಸ್ಕಿನೊಳಗಿಂದಲೇ ಬೈದರು. "ಏನ್ ಮಾರಾಯ್ತಿ, ಮನೆಗ್ ಬಂದೋರನ್ನ ಎಬ್ಬಿಸಿ ಕಳಿಸ್ತಾರಾ?"

"ಉಸಿರಿಲ್ದೆ ನಿಮ್ಮೆದೆ ಒಳಗಿನ ಕೋಶಗಳು ಕೆಲಸ ಬಿಟ್ಟು ಕೂತಿರ್ತಾವೆ ಅಪ್ಪ. ಅವಕ್ಕೆ ಮರ್ಯಾದೆ ಗೊತ್ತಾಗಲ್ಲ."

"ಹಂಗಾದ್ರೆ ನಿನ್ ಪೆಟ್ಟಿಗೇಲಿರೋವನ್ನೇ ನಂಗೆ ಹಾಕು."

"ಇನ್ನೂ ಆ ಮಟ್ಟಕ್ಕೆ ಬಂದಿಲ್ಲ."

"ಮತ್ತೆ ದಿನಾ ಏನ್ ಮಾಡ್ತೀಯ ಅಲ್ಲಿ?"

ನಮ್ಮ ಲ್ಯಾಬಿನ ಸಭೆಗಳಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಯಾರೂ ಕೇಳಿಲ್ಲ.

ಯಾರನ್ನೂ ಒಳಗೆ ಬಿಡಬೇಡ ಎಂದು ಅಮ್ಮನಿಂದ ಆಣೆ ಹಾಕಿಸಿಕೊಂಡು ಬಂದೆ. ನೆಂಟರು ಮುನಿಸಿಕೊಂಡರು, ಅಪ್ಪನ ತುಟಿಗೆ ಬಣ್ಣ ಬಂತು. ಗೆದ್ದೆ ಅಂದುಕೊಂಡು ಮುಂದಿನ ಭಾನುವಾರ ಗೇಟು ತೆರೆದೆ. ಒಳಗೆ ಹೋಗಿ ನೋಡಿದರೆ ಅಪ್ಪ ನೆಟ್ಟಗೆ ಕೂತಿದ್ದಾರೆ, ಮಾಸ್ಕು ತೊಡೆಯ ಮೇಲಿದೆ.

"ನಾನು ಅಪ್ಪ, ಬೇರೆ ಯಾರೂ ಅಲ್ಲ" ಎಂದೆ.

"ಗೊತ್ತು. ನೀನ್ ಬರ್ತೀಯ ಅಂತಾನೇ ತೆಗ್ದೆ" ಎಂದರು ಏದುಸಿರು ಬಿಡುತ್ತಾ.